ಇಡೀ ಪೆನ್ನನ್ನು ನೀರಿಗೆ ಹಾಕಬೇಡಿ ಮಾರಾಯ್ರೆ

ಹಳೆ ಶಾಯಿ ಪೆನ್ನುಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದರೆ ಅಜ್ಜನ ಕಾಲದ ಪೆನ್ನು ಸಿಕ್ಕರೆ ರಾತ್ರಿಯಿಡೀ ನೀರಲ್ಲಿ ನೆನೆಸಿಡಿ ಅಂತ ಬರೆದಿದ್ದೀರಲ್ಲ, ಅದೊಂದು ಬೇಡ. ಎಬೊನೈಟ್, ಅಂದರೆ ಗಟ್ಟಿ ಮಾಡಿದ ರಬ್ಬರಿನ ಪೆನ್ನಾಗಿದ್ದರೆ ಕಪ್ಪು ಬಣ್ಣ ಹೋಗಿ ಕಂದಾಗುತ್ತದೆ, ಆಮೇಲೆ ಹೊಳಪು ಬರಲಿ ಅಂತ ಸುಮ್ನೆ ಉಜ್ಜುತ್ತಾ ಕೂತರೆ ಮೈಮೇಲಿನ ಕಂಪನಿ ಹೆಸರೂ ಅಳಿಸಿಹೋಗುತ್ತದೆ. ಹೆಸರೇ ಇಲ್ಲದ ಮೇಲೆ ಗುರುತಿಸುವುದು ಹೇಗೆ? ನಿಬ್ಬನ್ನಷ್ಟೇ ತಣ್ಣೀರಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಸಾಕು.

ನಿಮ್ಮ ಫೋಟೊದಲ್ಲಿರುವುದು ಪಕ್ಕದಲ್ಲಿ ಶಾಯಿ ತುಂಬುವ ಲಿವರ್ ಇರುವ ಪೆನ್ನು ಅಲ್ವಾ? ಹಳೆ ವಾಟರ್‌ಮನ್ ಕಂಪನಿಯದಾಗಿದ್ದರೆ ಹಿಂದಿನ ತುದಿಯಲ್ಲಿ ನಂಬರ್ ಒತ್ತಿರುತ್ತಾರೆ, ಭೂತಗನ್ನಡಿ ಹಿಡಿದು ನೋಡಿ. 52 ಅಂತಿದ್ದರೆ 5 ಅಂದರೆ ಲಿವರ್, 2 ಅಂದರೆ ನಿಬ್ಬಿನ ಅಳತೆ. ಲಿವರ್ ಮಾತ್ರ ಈಗಲೇ ಎತ್ತಬೇಡಿ! ಒಳಗೆ ಶಾಯಿ ತುಂಬುವ ರಬ್ಬರ್ ಚೀಲ ಒಣಗಿ ಕಲ್ಲಾಗಿರುತ್ತದೆ, ಜೋರು ಮಾಡಿದರೆ ಲಿವರ್ರೇ ಮುರಿಯುತ್ತದೆ. ನಮ್ಮ ಕಾರವಾರದ ಉಪ್ಪುಗಾಳಿಗೆ ಚೀಲ ಒತ್ತುವ ಪಟ್ಟಿಯೂ ತುಕ್ಕು ಹಿಡಿದಿರಬಹುದು. ಶಿರಸಿಯವರಿಗೆ ಮಳೆಗಾಲದ ಬೂಸ್ಟು ಬೇರೆ.

ಹೊಸ ಚೀಲ ಅಂಟಿಸಲು ಶೆಲ್ಯಾಕ್ ಹಾಕಿ, ಮರದ ಪಾಲಿಶ್‌ಗೆ ಬಳಸುತ್ತಾರಲ್ಲ, ಅದೇ. ಫೆವಿಕ್ವಿಕ್ ಹಾಕಿದರೆ ಮುಂದೆ ಬಿಚ್ಚಲು ಆಗುವುದಿಲ್ಲ. ಪೆನ್ನು ಬಿಚ್ಚಲು ಬಿಗಿಯಾಗಿದೆ ಅಂತ ಮೇಣದಬತ್ತಿ ಹತ್ತಿರವಂತೂ ಹಿಡಿಯಲೇಬೇಡಿ, ಸೆಲ್ಯುಲಾಯ್ಡ್ ಎಂಬ ಹಳೆ ಪ್ಲಾಸ್ಟಿಕ್ ಆಗಿದ್ದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ.