ರಾಯಚೂರಿನಲ್ಲಿ ಬೇಸಿಗೆಗೆ ಅಂತ ಟೈರ್ ಬದಲಿಸಬೇಕಿಲ್ಲ

ಬೇಸಿಗೆ ಬಂದಾಗ ಅದೇ ರಿಮ್‌ಗೆ ಬೇರೆ ಟೈರ್ ಹಾಕಿಸಿದರೆ ಬರ್ಸ್ಟ್ ಆಗಲ್ಲ ಅಂತ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಸುಳ್ಳು. ಹಾಗೆ ಬದಲಿಸುವುದು ಜರ್ಮನಿಯಂಥ ಹಿಮ ಬೀಳುವ ಕಡೆ, ಯಾಕಂದ್ರೆ ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ನಮ್ಮಲ್ಲಿ ಏಪ್ರಿಲ್‌ಗೇ 40 ದಾಟುತ್ತದೆ, ಅಲ್ವಾ! ಅಲ್ಲೂ ಎಷ್ಟೋ ಜನ ಇನ್ನೊಂದು ಸೆಟ್ ರಿಮ್ ಇಟ್ಟುಕೊಳ್ಳುತ್ತಾರೆ. ಒಂದೇ ರಿಮ್ ಆದರೆ ಪ್ರತಿ ಸಲ ಬಿಚ್ಚಿ ಹಾಕುವಾಗ ಟೈರಿನ ಅಂಚು ಕಿತ್ತುಹೋಗಬಹುದು, ಬ್ಯಾಲೆನ್ಸಿಂಗ್ ಖರ್ಚು ಬೇರೆ. ಬಿಸಿಲಲ್ಲಿ ಟೈರ್ ಒಡೆಯುವುದು ಹೆಚ್ಚಾಗಿ ಗಾಳಿ ಕಮ್ಮಿಯಿದ್ದಾಗ, ಲೋಡ್ ಜಾಸ್ತಿಯಾದಾಗ, ರಬ್ಬರ್ ಹಳತಾದಾಗ. ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ ಗಾಳಿ ನೋಡಿ. ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ತಯಾರಿಕೆಯ ನಂಬರ್ 2319 ಅಂತಿದ್ದರೆ ಅದು 2019ರ 23ನೇ ವಾರದ ಮಾಲು.