ಸುಟ್ಟ ಗುಡ್ಡಕ್ಕೆ ಹಸಿರು ನಿಶಾನೆ

ಬೇಸಿಗೆಯಲ್ಲಿ ಸುಟ್ಟುಹೋದ ನಮ್ಮ ಗುಡ್ಡವನ್ನು ಬಂಡೆ ಹತ್ತುವವರಿಗಾಗಿ ಮತ್ತೆ ತೆರೆಯುವ ಸಮಾರಂಭ ಸಾಂಗವಾಗಿ ನೆರವೇರಿದೆ. ಯಾವ ಗುಡ್ಡವೆಂದು ಕೇಳಬೇಡಿ. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಗೆ ಬರವಿರಬಹುದು, ಗುಡ್ಡಗಳಿಗಿಲ್ಲ. ಒಂದರ ಹೆಸರು ಬರೆದರೆ ಉಳಿದ ಗುಡ್ಡಗಳ ಅಭಿಮಾನಿಗಳು ತಮ್ಮನ್ನು ಕಡೆಗಣಿಸಲಾಗಿದೆ ಎಂದು ಮನವಿಪತ್ರ ಹಿಡಿದು ಬಂದಾರು.

ಬೆಂಕಿ ನಮಗೆ ಹೊಸದಲ್ಲ. ಶಿವರಾತ್ರಿ ಕಳೆದು ಬಾದೆ ಹುಲ್ಲು ಒಣಗಿ ನಿಂತಿತೆಂದರೆ, ಜೋಗಿಮಟ್ಟಿಯ ಕಡೆ ಯಾವ ರಾತ್ರಿ ಕೆಂಪು ಗೆರೆ ಏಳುವುದೋ ಎಂದು ದುರ್ಗದವರು ಮಾಳಿಗೆ ಹತ್ತಿ ನೋಡುತ್ತಾರೆ. ಎಸೆದ ಒಂದು ಬೀಡಿ ಸಾಕು. ಸುಟ್ಟರೆ ಎಳೆ ಹುಲ್ಲು ಬೇಗ ಬರುತ್ತದೆಂಬ ನಂಬಿಕೆಯೂ ಸಾಕು. 1963ರ ಅರಣ್ಯ ಕಾಯ್ದೆ ಕಾಡಿಗೆ ಬೆಂಕಿ ಹಚ್ಚುವುದನ್ನು ಅಪರಾಧವೆನ್ನುತ್ತದೆ. ಕಾವಲುಗಾರರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಬಡಿದು ಆರಿಸುತ್ತಾರೆ. ಮರುದಿನ ಕಿಡಿಗೇಡಿಗಳ ಮೇಲೆ ಅನುಮಾನ ವ್ಯಕ್ತವಾಗುತ್ತದೆ. ಆ ಅನುಮಾನ ಕೆಡದಂತೆ ಮುಂದಿನ ಬೇಸಿಗೆಯವರೆಗೂ ಬಾಳಿಕೆ ಬರುತ್ತದೆ.

ಈ ಸಲ ಬೂದಿಯ ನಡುವೆ ಎಲ್ಲಕ್ಕಿಂತ ಮೊದಲು ಚಿಗುರಿದ್ದು ಫಲಕ. ‘ಸಸ್ಯಸಂಪತ್ತು ಚೇತರಿಸಿಕೊಳ್ಳುತ್ತಿರುವುದರಿಂದ ಶಿಲಾರೋಹಣ ನಿಷೇಧಿಸಲಾಗಿದೆ.’ ನಿಷೇಧಿಸಿದ್ದು ಶಿಲಾರೋಹಣವನ್ನು ಮಾತ್ರ. ಕುರಿ, ಟ್ರ್ಯಾಕ್ಟರ್, ಹುಟ್ಟುಹಬ್ಬದ ಕೇಕ್ ಮತ್ತು ಅದರೊಂದಿಗೆ ಬರುವ ಬಾಟಲಿಗಳ ವಿಷಯದಲ್ಲಿ ಫಲಕ ಮೌನವಾಗಿತ್ತು. ಆದ್ದರಿಂದ ಅವೆಲ್ಲ ಎಂದಿನಂತೆ ಒಳಗೆ ಹೋಗಿ ಬಂದವು. ಪಕ್ಕದ ಗುಡ್ಡದಲ್ಲಿ ಸಿಡಿಮದ್ದು ಇಟ್ಟು ಬಂಡೆಯನ್ನೇ ಲಾರಿಗೆ ಹೇರಿಕೊಂಡು ಹೋಗುವವರಿಗೆ ಗುತ್ತಿಗೆಯಿದೆ. ಬಂಡೆಯನ್ನು ಮುಟ್ಟಿ, ಹತ್ತಿ, ಇಳಿದು, ಅದನ್ನು ಅಲ್ಲೇ ಬಿಟ್ಟು ಬರುವವನಿಗೆ ಮೂರು ಪ್ರತಿಗಳಲ್ಲಿ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ ಮತ್ತು ಜಾಮೀನು ಬೇಕು.

ಹಾಗೆಂದು ನಿಷೇಧವೇ ತಪ್ಪು ಎಂದು ನಾನು ಹೇಳಲಾರೆ. ಬೆಂಕಿಯ ಕಾವಿಗೆ ಗ್ರಾನೈಟಿನ ಮೇಲ್ಪದರ ಒಳಗಿನದಕ್ಕಿಂತ ಬೇಗ ಹಿಗ್ಗಿ ಚಕ್ಕೆಯಾಗಿ ಏಳುತ್ತದೆ. ನೋಡಲು ಗಟ್ಟಿ, ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು; ಅದನ್ನೇ ಹಿಡಿದು ತೂಗಿದವನು ಚಕ್ಕೆಯ ಸಮೇತ ಕೆಳಗೆ ಬರುತ್ತಾನೆ. ಮೇಲೆ ಹಗ್ಗ ಕಟ್ಟುವ ದಿಂಡಿಗದ ಮರ ನೆಟ್ಟಗೆ ನಿಂತೇ ಇರುತ್ತದೆ, ಬೇರು ಒಳಗೇ ಬೆಂದಿರುತ್ತದೆ. ಬುಡದ ಮಣ್ಣಿಗೆ ಹುಲ್ಲಿನ ಹಿಡಿತ ತಪ್ಪಿರುತ್ತದೆ. ನಾಲ್ಕು ಜನ ನಡೆದ ಕಡೆ ಕಾಲುದಾರಿ, ಕಾಲುದಾರಿ ಬಿದ್ದ ಕಡೆ ಮೊದಲ ಮಳೆಗೇ ಕೊರಕಲು. ಇನ್ನು ಬಂಡೆಯ ಮೈಮೇಲಿನ ಕಲ್ಲುಹೂವು ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವ ಜೀವ. ಸುಟ್ಟುಹೋದದ್ದು ಮರಳಿ ಹರಡುವ ಹೊತ್ತಿಗೆ ಈಗಿನ ಸಮಿತಿಯವರ ಮೊಮ್ಮಕ್ಕಳು ಸಮಿತಿಯಲ್ಲಿರುತ್ತಾರೆ. ಹತ್ತುವವರೂ ಸಾಧುಗಳೇನಲ್ಲ. ‘ನಾವು ಕಲ್ಲನ್ನಷ್ಟೇ ಮುಟ್ಟುತ್ತೇವೆ’ ಎನ್ನುತ್ತಾರೆ; ಕಲ್ಲಿನವರೆಗೆ ಹಾರಿಕೊಂಡು ಬಂದವರನ್ನು ನಾನು ನೋಡಿಲ್ಲ. ಕೈಗೆ ಹಚ್ಚುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯ ಬಿಳಿ ಗುರುತು ಬಂಡೆಯ ಮೇಲೆ ಮುಂದಿನ ಜೋರು ಮಳೆಯವರೆಗೆ ಇರುತ್ತದೆ, ನಮ್ಮ ಸೀಮೆಯಲ್ಲಿ ಅದು ಸಾಕಷ್ಟು ದೀರ್ಘಾವಧಿ.

ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ನಿರ್ಧರಿಸಲು ಸಮಿತಿ ಕೂತಿತು. ಸದಸ್ಯರೊಬ್ಬರಿಗೆ ಆಸ್ಟ್ರೇಲಿಯಾದ ಸಂಗತಿ ಗೊತ್ತಿತ್ತು. ವಿಕ್ಟೋರಿಯಾ ರಾಜ್ಯದ ಗ್ರಾಂಪಿಯನ್ಸ್ ಬೆಟ್ಟಸಾಲಿನಲ್ಲಿ 2024ರ ಡಿಸೆಂಬರ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ ವಾರಗಟ್ಟಲೆ ಉರಿದು ಸುಮಾರು 76 ಸಾವಿರ ಹೆಕ್ಟೇರನ್ನು ನುಂಗಿತು. ಮರು ತಿಂಗಳು ಪಶ್ಚಿಮದ ಕಡೆ ಇನ್ನೊಂದು ಬೆಂಕಿ. ಅದು ಮರಳುಗಲ್ಲಿನ ಬೆಟ್ಟ, ಬಂಡೆ ಹತ್ತುವವರಿಗೆ ಲೋಕಪ್ರಸಿದ್ಧ ಜಾಗ. ಅಲ್ಲಿಯವರು ಬೀಳುವ ಮರಗಳನ್ನು ತೆಗೆದು, ಸಡಿಲ ಕಲ್ಲುಗಳನ್ನು ಪರೀಕ್ಷಿಸಿ, ದಾರಿ ಸರಿಪಡಿಸಿ, ಹಂತ ಹಂತವಾಗಿ ತೆರೆಯುತ್ತಾ ಹೋದರು. ಅಧ್ಯಯನ ಪ್ರವಾಸದ ಪ್ರಸ್ತಾವ ಆ ಕ್ಷಣವೇ ಸರ್ವಾನುಮತದಿಂದ ಅಂಗೀಕಾರವಾಯಿತು. ಅನುದಾನ ಬಾರದ್ದರಿಂದ, ಕೊನೆಗೆ ಅಲ್ಲಿಂದ ‘ಹಂತ ಹಂತವಾಗಿ’ ಎಂಬುದನ್ನಷ್ಟೇ ತರಿಸಿಕೊಳ್ಳಲಾಯಿತು.

ಮೊದಲ ಹಂತದಲ್ಲಿ ವಾಹನ ನಿಲುಗಡೆ ತೆರೆಯಿತು. ಎರಡನೆಯದರಲ್ಲಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಮೂರನೆಯದರಲ್ಲಿ ‘ಐ ಲವ್’ ಎಂದು ಕಬ್ಬಿಣದ ಅಕ್ಷರಗಳಲ್ಲಿ ನಿಂತ ಸೆಲ್ಫಿ ಕಟ್ಟೆ, ನಡುವೆ ಕೆಂಪು ಹೃದಯ. ಬಂಡೆ ನಾಲ್ಕನೆಯ ಹಂತದಲ್ಲಿತ್ತು.

ಅಷ್ಟರಲ್ಲಿ ಮುಂಗಾರಿನ ಮೊದಲ ಹದ ಮಳೆ ಬಿತ್ತು. ಸಮಿತಿ ಜೀಪಿನಲ್ಲಿ ಹೋಗಿ, ಕಿಟಕಿಯ ಗಾಜು ಇಳಿಸಿ ಸ್ಥಳ ಪರಿಶೀಲನೆ ನಡೆಸಿ, ಗುಡ್ಡ ಶೇಕಡಾ ನೂರು ಹಸಿರಾಗಿದೆ ಎಂದು ಷರಾ ಬರೆಯಿತು. ಸುಳ್ಳಲ್ಲ. ಹಸಿರಾಗಿತ್ತು: ಪಾರ್ಥೇನಿಯಂ ಹಸಿರು, ಲಂಟಾನ ಹಸಿರು, ಅವೆರಡರ ಸಂದಿಯಲ್ಲಿ ಒಂದಿಷ್ಟು ಹುಲ್ಲು. ಜೀಪಿನಿಂದ ಇಳಿದಿದ್ದರೆ ಸುಟ್ಟ ಬೊಡ್ಡೆಗಳ ಬುಡದಲ್ಲಿ ದಿಂಡಿಗದ, ಕಮರದ ಗೇಣುದ್ದದ ಕುಡಿಗಳು ಕಾಣುತ್ತಿದ್ದವು. ಯಾರೂ ನೆಡದೆ, ಯಾರೂ ನೀರು ಹಾಕದೆ ಬಂದ ಕುಡಿಗಳು. ಫೋಟೊ ತೆಗೆಸಿಕೊಳ್ಳಲು ಯೋಗ್ಯವಲ್ಲದವು.

ಉದ್ಘಾಟನೆಯ ದಿನವೇ ವನಮಹೋತ್ಸವವನ್ನೂ ಇಟ್ಟುಕೊಂಡರು. 1950ರಲ್ಲಿ ಕೆ.ಎಂ. ಮುನ್ಷಿ ಅವರು ಆರಂಭಿಸಿದ ಈ ಹಬ್ಬಕ್ಕೆ ಗುಂಡಿ ಬೇಕೇ ಬೇಕು. ಗುಂಡಿಗೆ ಸಮತಟ್ಟಾದ ನೆಲ ಬೇಕು, ಸಮತಟ್ಟು ಮಾಡಲು ಜೆಸಿಬಿ ಬೇಕು. ಜೆಸಿಬಿಯು ದಿಂಡಿಗದ ಕುಡಿಗಳನ್ನು ಕಳೆಯೆಂದು ಎತ್ತಿ ಹಾಕಿತು. ಆ ಗುಂಡಿಗಳಲ್ಲಿ ನರ್ಸರಿಯಿಂದ ಲಾರಿಯಲ್ಲಿ ಬಂದ ಸಸಿಗಳನ್ನು ಗಣ್ಯರು ನೆಟ್ಟರು. ಹಳೆಯ ಕುಡಿಗೆ ಬಂಡೆಯ ಸಂದಿಗಿಳಿದ ಬೇರಿತ್ತು, ಹೊಸ ಸಸಿಗೆ ಗಣ್ಯರ ಹೆಸರಿನ ಚೀಟಿಯಿತ್ತು. ಬಂಡೆಯ ಬುಡದಲ್ಲೇ ಶಾಮಿಯಾನ, ಅದರ ಹಿಂದೆ ಅಡುಗೆಯ ಒಲೆ. ಬೆಂಕಿಯಲ್ಲಿ ಸುಟ್ಟ ಗುಡ್ಡದಲ್ಲಿ ಸೌದೆ ಒಲೆಯೇ ಎಂದು ಯಾರೋ ಗೊಣಗಿದಾಗ, ಸೌದೆ ಇಲ್ಲಿಯದೇ, ಹೊರಗಿನಿಂದ ತಂದಿಲ್ಲ ಎಂದು ಅಡುಗೆಯವರು ಸಮಾಧಾನ ಹೇಳಿದರು.

ಮುಖ್ಯ ಅತಿಥಿಗಳ ಭಾಷಣ ಏಳು ಸುತ್ತಿನ ಕೋಟೆಯಷ್ಟೇ ಸುತ್ತಿತು. ಮದಕರಿನಾಯಕ ಬಂದ, ಒನಕೆ ಓಬವ್ವ ಬಂದಳು, ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಗೆ ಲಗ್ಗೆ ಹಾಕಿದ ಕಥೆ ಬಂತು. ಹಗ್ಗವಿಲ್ಲದೆ ಕೋಟೆಯ ಗೋಡೆ ಏರಿ ನೋಡುಗರ ಉಸಿರು ನಿಲ್ಲಿಸುವ ಜ್ಯೋತಿರಾಜ್ ಅವರ ಊರು ನಮ್ಮದು, ಹತ್ತುವುದು ನಮ್ಮ ರಕ್ತದಲ್ಲೇ ಇದೆ ಎಂದಾಗ ಜೋರು ಚಪ್ಪಾಳೆ. ಬೆಳಿಗ್ಗೆಯಿಂದ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಹುಡುಗನೊಬ್ಬ ಮೆಲ್ಲಗೆ ಮುಂದೆ ಬಂದ.

‘ಸಾರ್, ಈಗ ನಾವು ಹತ್ತಬಹುದೇ?’

‘ಏನಪ್ಪಾ ಅವಸರ? ಇನ್ನೂ ಊಟವೇ ಆಗಿಲ್ಲ.’

ಊಟವಾಯಿತು. ಕಾರುಗಳು ಹಿಂದಕ್ಕೆ ತಿರುಗಲು ಜಾಗ ಸಾಲದೆ ಬಂಡೆಯ ಎಡಬದಿಯ ಹುಲ್ಲಿನ ಮೇಲೆ ಹತ್ತಿ ಇಳಿದವು. ಸಂಜೆ ಮಳೆ ಬಂದು, ಜೆಸಿಬಿ ಸಡಿಲಿಸಿದ ಮಣ್ಣು ಕೆಂಪು ನೀರಾಗಿ ವಾಹನ ನಿಲುಗಡೆಗೆ ಇಳಿಯಿತು. ಹೆಸರಿನ ಚೀಟಿಗಳು ಸಸಿಗಳ ಸಮೇತ ಅದರ ಹಿಂದೆ ಬಂದವು.

ಮರುದಿನ ಸಮಿತಿ ಮತ್ತೆ ಜೀಪಿನಲ್ಲಿ ಹೋಯಿತು. ವರದಿ ಚಿಕ್ಕದು: ‘ಬಂಡೆಯ ಬುಡದಲ್ಲಿ ಸಸ್ಯಗಳು ತೀವ್ರ ತುಳಿತಕ್ಕೊಳಗಾಗಿದ್ದು, ಮಣ್ಣು ಸವಕಳಿ ಕಂಡುಬಂದಿದೆ. ಆದ್ದರಿಂದ ಮುಂದಿನ ಆದೇಶದವರೆಗೆ ಶಿಲಾರೋಹಣವನ್ನು ನಿಷೇಧಿಸಲಾಗಿದೆ. ಹಳೆಯ ಫಲಕವೇ ಸುಸ್ಥಿತಿಯಲ್ಲಿರುವುದರಿಂದ ಹೊಸದರ ಅಗತ್ಯವಿಲ್ಲ. ಶಾಮಿಯಾನ, ಜೆಸಿಬಿ ಮತ್ತು ಊಟದ ವೆಚ್ಚವನ್ನು ಸಸ್ಯಸಂಪತ್ತಿನ ಚೇತರಿಕೆ ಲೆಕ್ಕ ಶೀರ್ಷಿಕೆಯಡಿ ಭರಿಸತಕ್ಕದ್ದು.’