ಕಿಟಕಿ ಪಕ್ಕದ ಟೇಬಲ್ಲು

ಇಸ್ತಾಂಬುಲ್‌ನ ಬೆಯೋಗ್ಲು ಕಡೆ ಮಹಡಿ ಮೇಲಿನ ರೆಸ್ಟೋರೆಂಟುಗಳಿಗೆ ಫೋನು ಮಾಡುವವರದು ಒಂದೇ ರಾಗ: ‘ಸೂರ್ಯಾಸ್ತ ಕಾಣೋ ಹಾಗೆ ಕಿಟಕಿ ಪಕ್ಕ ಕೊಡಿ.’ ಊಟಕ್ಕೆ ಏನಿದೆ ಎನ್ನುವ ಪ್ರಶ್ನೆ ಆಮೇಲೆ, ಅದೂ ನೆನಪಾದರೆ. ಹಳೇ ನಗರದ ಅಯಾ ಸೋಫಿಯಾ ಮಸೀದಿಯ ಹಿಂದೆ ಸೂರ್ಯ ಮುಳುಗಬೇಕು ಎಂದು ಹಟ ಹಿಡಿಯುವವರೂ ಇದ್ದಾರೆ. ಬೆಯೋಗ್ಲುವಿನ ಗಲಾಟಾದಲ್ಲಿ ನಿಂತು ನೋಡಿದರೆ ಅಯಾ ಸೋಫಿಯಾ ಇರುವುದು ದಕ್ಷಿಣಕ್ಕೆ, ಅದೂ ತುಸು ಪೂರ್ವಕ್ಕೆ ವಾಲಿಕೊಂಡು. ಅಲ್ಲಿ ಮುಳುಗು ಎಂದರೆ ಸೂರ್ಯನಾದರೂ ಏನು ಮಾಡಿಯಾನು? ಡಿಸೆಂಬರಿನಲ್ಲಿ ಅವನು ನೈಋತ್ಯಕ್ಕೆ ಸರಿದು, ಸಂಜೆ ಐದೂವರೆ ದಾಟುತ್ತಿದ್ದಂತೆ ಸುಲೇಮಾನಿಯೆ, ಫಾತಿಹ್ ಮಸೀದಿಗಳಿರುವ ಗುಡ್ಡಗಳ ಹಿಂದೆ ಇಳಿಯುತ್ತಾನೆ. ಜೂನ್‌ನಲ್ಲಿ ವಾಯವ್ಯಕ್ಕೆ ಹೋಗಿ ರಾತ್ರಿ ಎಂಟೂ ನಲವತ್ತರವರೆಗೆ ಸತಾಯಿಸುತ್ತಾನೆ. ಬೇಸಿಗೆಯಲ್ಲಿ ಏಳು ಗಂಟೆಗೆ ಟೇಬಲ್ಲು ಹಿಡಿದವರು ಕಣ್ಣು ಕಿರಿದು ಮಾಡಿಕೊಂಡು, ಮೆನು ಹಾಳೆಯನ್ನೇ ಛತ್ರಿ ಮಾಡಿಕೊಂಡು ಕೂತಿರುತ್ತಾರೆ. ಕತ್ತಲಾದ ಮೇಲೆ ಗಾಜು ಕನ್ನಡಿಯಾಗುತ್ತದೆ. ಒಳಗೆ ದೀಪ ಜಾಸ್ತಿಯಿದ್ದರೆ ಹೊರಗಿನ ಊರು ಹೋಗಿ ಹಿಂದಿನ ಟೇಬಲ್ಲಿನವರ ಬೆನ್ನು ಕಾಣುತ್ತದೆ. ದೀಪ ತಗ್ಗಿಸಿದರೆ ಊರು ಕಾಣುತ್ತದೆ, ತಟ್ಟೆ ಕಾಣುವುದಿಲ್ಲ.

ನೋಟ ಚೆನ್ನಾಗಿರುವ ಕಡೆ ಊಟ ಕೆಟ್ಟಿರುತ್ತದೆ ಎಂದು ತಿಳಿದವರು ಹೇಳುವುದುಂಟು. ಅದು ಎಷ್ಟು ನಿಜ ಎಂದು ಇವತ್ತು ತೀರ್ಮಾನಿಸಿಬಿಡೋಣ. 2022ರಲ್ಲಿ ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶ್ಲಿನ್ ಗೈಡಿನವರು ಮೊದಲ ಸಲ ಈ ಊರಿಗೆ ನಕ್ಷತ್ರ ಹಂಚಿದಾಗ ಎರಡು ಸಿಕ್ಕಿದ್ದು ಬೊಮೊಂತಿ ಬಡಾವಣೆಯ ‘ತುರ್ಕ್ ಫಾತಿಹ್ ತುತಾಕ್’ಗೆ, ಅಲ್ಲಿ ಕೂತರೆ ಬಾಸ್ಫರಸ್ ಜಲಸಂಧಿಯ ಸುಳಿವೇ ಇಲ್ಲ. ಮಾತು ನಿಜವಾಯಿತಲ್ಲ ಎನ್ನುವಷ್ಟರಲ್ಲಿ ಹೋಟೆಲೊಂದರ ನೆತ್ತಿಯ ಮೇಲಿರುವ ‘ಮಿಕ್ಲಾ’, ಹಳೆಯ ಒಟ್ಟೋಮನ್ ಬ್ಯಾಂಕ್ ಕಟ್ಟಡದಲ್ಲಿರುವ ‘ನಿಯೋಲೋಕಲ್’ ಎರಡಕ್ಕೂ ಒಂದೊಂದು ಬಂತು. ಇವೆರಡರ ಕಿಟಕಿಗಳಿಗೂ ಇಡೀ ಹಳೇ ನಗರವೇ ಬಂದು ನಿಂತಿರುತ್ತದೆ. ಹಾಗಾಗಿ ವಿಚಾರ ಇನ್ನೂ ಸ್ವಲ್ಪ ತನಿಖೆಯಾಗಬೇಕು. ಅದಕ್ಕೆ ಮೊದಲು ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿ.

ಇಂಥ ಕಡೆ ಕೇಳಿಬರುವ ದೂರುಗಳಲ್ಲಿ ತೀರಾ ಅನ್ಯಾಯದ್ದೆಂದರೆ ‘ತಣ್ಣಗಿದೆ, ಬಿಸಿ ಮಾಡಿ ತನ್ನಿ’. ಆಲಿವ್ ಎಣ್ಣೆಯಲ್ಲಿ ಬೇಯಿಸುವ ಜೆಯ್ತಿನ್‌ಯಾಲಿ ಎಂಬ ಒಂದು ಜಾತಿಯ ಅಡುಗೆ ಇರುವುದೇ ತಣ್ಣಗೆ ತಿನ್ನುವುದಕ್ಕೆ. ಆರ್ಟಿಚೋಕಿನ ಎಸಳು ಕಿತ್ತು, ನಡುವಿನ ನಾರು ಕೆರೆದು ತೆಗೆದರೆ ಬಟ್ಟಲಿನಂಥ ತಿರುಳು ಉಳಿಯುತ್ತದೆ. ಗಾಳಿ ಸೋಕಿದರೆ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಅದಕ್ಕೇ ಕೂಡಲೇ ನಿಂಬೆಹೋಳಿನಿಂದ ಉಜ್ಜಿ, ನಿಂಬೆರಸ ಮತ್ತು ಒಂದು ಚಮಚ ಮೈದಾ ಕದಡಿದ ನೀರಿಗೆ ಹಾಕುತ್ತಾರೆ. ನಾಲ್ಕು ತಿರುಳಿಗೆ ಅರ್ಧ ಕಪ್ ಆಲಿವ್ ಎಣ್ಣೆ, ಒಂದು ನಿಂಬೆಹಣ್ಣಿನ ರಸ, ಒಂದು ಟೀ ಚಮಚ ಸಕ್ಕರೆ, ಉಪ್ಪು, ಒಂದು ಕಪ್ ನೀರು. ಜೊತೆಗೆ ಈರುಳ್ಳಿ, ಚಿಕ್ಕದಾಗಿ ಹೆಚ್ಚಿದ ಕ್ಯಾರೆಟ್ಟು, ಆಲೂಗೆಡ್ಡೆ, ಬಟಾಣಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಒಳಗೆ ಬೇಯುತ್ತದೆ. ಅಸಲು ಕೆಲಸ ಒಲೆ ಆರಿಸಿದ ಮೇಲೆ ಶುರು: ಅದೇ ಪಾತ್ರೆಯಲ್ಲಿ, ಅದೇ ರಸದಲ್ಲಿ, ಪೂರ್ತಿ ತಣಿಯಬೇಕು. ಬಿಸಿಯಿದ್ದಾಗಲೇ ತಟ್ಟೆಗೆ ತೆಗೆದರೆ ಎಣ್ಣೆ ಒಂದು ಕಡೆ, ಹುಳಿ ಒಂದು ಕಡೆ. ಸಬ್ಬಸಿಗೆ ಸೊಪ್ಪು ಕೊನೆಗೆ. ಬೆಣ್ಣೆಯಲ್ಲಿ ಮಾಡಿದ್ದರೆ ತಣಿದಾಗ ಗಟ್ಟಿಯಾಗಿ ನಾಲಿಗೆಗೆ ಮೆತ್ತಿಕೊಳ್ಳುತ್ತಿತ್ತು. ಆಲಿವ್ ಎಣ್ಣೆ ಕೋಣೆಯ ತಾಪದಲ್ಲಿ ನೀರಾಗಿಯೇ ಇರುತ್ತದೆ. ಫ್ರಿಜ್ಜಿನಿಂದ ನೇರ ತಂದಿಟ್ಟರೆ ಮಾತ್ರ ಅದೂ ಮಂಜುಗಟ್ಟಿ ಮಸುಕಾಗುತ್ತದೆ. ಆಗ ಗೊಣಗಿ, ಹಕ್ಕಿದೆ. ಬಿಸಿ ಮಾಡಿಸಿದಿರೋ, ಬಟಾಣಿ ಹಿಟ್ಟಾಗಿ, ಸಬ್ಬಸಿಗೆ ಬಾಡಿ, ಅಡುಗೆಯವನು ಬೆಳಗಿನಿಂದ ಕಾಯ್ದದ್ದೆಲ್ಲ ಎರಡು ನಿಮಿಷದಲ್ಲಿ ಹಾಳು. ಸೂರ್ಯಾಸ್ತದ ಇಪ್ಪತ್ತು ಫೋಟೊ ತೆಗೆಯುತ್ತಾ ಬಿಸಿ ಮೀನನ್ನು ತಣ್ಣಗೆ ಮಾಡಿಕೊಳ್ಳುವವರೇ ತಣ್ಣನೆಯ ಆರ್ಟಿಚೋಕನ್ನು ವಾಪಸು ಕಳಿಸುತ್ತಾರೆ.

ನಮ್ಮ ಕಡೆಯ ಸಸ್ಯಾಹಾರಿಗಳು ಅಲ್ಲಿ ಬದುಕಿಕೊಳ್ಳುವುದು ಈ ಎಣ್ಣೆ ಅಡುಗೆಗಳಿಂದಲೇ. ಸೂಪು ನಂಬಬೇಡಿ. ಮೆರ್ಜಿಮೆಕ್ ಚೊರ್ಬಾಸಿ ಎಂಬ ಬೇಳೆ ಸೂಪು ನೋಡಲು ಥೇಟ್ ತೊವ್ವೆ. ಬೇಳೆ ಬೆಂದಿದ್ದು ಮೂಳೆಯ ಸಾರಿನಲ್ಲಿರಬಹುದು. ‘ಮಾಂಸ ಇದೆಯಾ’ ಎಂದರೆ ಇಲ್ಲ ಎನ್ನುತ್ತಾರೆ, ಸುಳ್ಳೇನಲ್ಲ, ತುಂಡು ಇರುವುದಿಲ್ಲ. ‘ಎತ್ ಸುಯು ವಾರ್ ಮ?’ (ಮಾಂಸದ ಸಾರು ಇದೆಯಾ?) ಎಂದು ಸಾರಿನ ಹೆಸರು ಹಿಡಿದೇ ಕೇಳಬೇಕು. ನಿಗದಿತ ಮೆನುವಿನ ಕಡೆಯಾದರೆ ಟೇಬಲ್ಲು ಕಾದಿರಿಸುವಾಗಲೇ ಹೇಳಿಬಿಡಿ. ಹತ್ತು ಬಗೆ ಬಡಿಸುವ ಅಡುಗೆಮನೆಯಲ್ಲಿ ಕೂತ ಮೇಲೆ ಹೇಳಿದರೆ ಹತ್ತರಲ್ಲಿ ನಾಲ್ಕು ಸಲ ಬರೀ ಬದನೆಕಾಯಿ ಬರುತ್ತದೆ.

ಕಾಫಿಗೂ ಇದೇ ಮುನ್ಸೂಚನೆ ಬೇಕು. ಸಕ್ಕರೆ ಕಾಫಿಪುಡಿಯ ಜೊತೆಯಲ್ಲೇ ಕುದಿಯುವುದರಿಂದ ‘ಸಾದೆ’ (ಸಕ್ಕರೆ ಬೇಡ), ‘ಓರ್ತಾ’ (ಮಧ್ಯಮ ಸಿಹಿ) ಎಂದು ಮೊದಲೇ ಹೇಳಬೇಕು. ಆಮೇಲೆ ಸಕ್ಕರೆ ಹಾಕಿ ಚಮಚದಿಂದ ತಿರುವಿದರೆ ತಳದ ಗಸಿಯೆಲ್ಲ ಎದ್ದು ಬಾಯಿಗೆ ಬರುತ್ತದೆ. ಗಸಿ ಕೆಳಗಿಳಿಯುವವರೆಗೆ ಸುಮ್ಮನೆ ಕೂರಬೇಕು, ಅಷ್ಟರಲ್ಲಿ ಬಿಲ್ಲು ಬಂದಿರುತ್ತದೆ. ತಲೆಗಿಷ್ಟು ಎಂದು ಹಾಕುತ್ತಿದ್ದ ಕುವೆರ್ ಎಂಬ ಟೇಬಲ್ಲಿನ ಶುಲ್ಕವನ್ನು 2026ರಲ್ಲಿ ನಿಷೇಧಿಸಿದ್ದಾರೆ, ಆದರೂ ಸೇರಿಸಿದ್ದಾರೆಯೇ ನೋಡಿಕೊಳ್ಳಿ.